ಸೋಪು ಮುಟ್ಟದ ಕೈ

ಶ್ರೀರಾಂಪುರದಲ್ಲಿ ನೀರಿನ ಟ್ಯಾಂಕಿನ ಹಿಂದಿನ ಅಡ್ಡರಸ್ತೆಗೆ ಹೋಗಿ ಸರೋಜಮ್ಮನ ಮನೆ ಯಾವುದು ಅಂತ ಕೇಳಿದರೆ ಯಾರೂ ಮನೆ ನಂಬರು ಹೇಳುವುದಿಲ್ಲ. ಅಂಟುವಾಳದ ಮರದ ಮನೆ ಅನ್ನುತ್ತಾರೆ. ಹೇಳುವಾಗ ಸಣ್ಣಗೆ ನಗುತ್ತಾರೆ, ಯಾಕೆಂದರೆ ಆ ಬೀದಿಯಲ್ಲಿ ಸರೋಜಮ್ಮನ ಕೈಯಲ್ಲಿ ಬೈಸಿಕೊಳ್ಳದವರು ಒಬ್ಬರೂ ಇಲ್ಲ. ರೇಷ್ಮೆ ಸೀರೆ ಒಗೆಯಲು ಒಂದು ಹಿಡಿ ಅಂಟುವಾಳ, ಮಗಳ ಕೂದಲು ಉದುರುತ್ತಿದೆ ಎಂದು ಒಂದು ಲೋಟ ಸೀಗೆಪುಡಿ, ಹೀಗೆ ಕೇಳಿಕೊಂಡು ಬಂದವರಿಗೆ ಆಕೆ ಇಲ್ಲ ಅಂದದ್ದಿಲ್ಲ. ಆದರೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಡಬ್ಬದ ಮುಚ್ಚಳ ತೆಗೆಯುವುದು. "ಕಂಡಕಂಡ ಶಾಂಪೂ ಎಲ್ಲಾ ಸುರ್ಕೊಂಡು, ಅರ್ಧ ತಲೆ ಬೋಳಾದ್ಮೇಲೆ ಈ ಮನೆ ನೆನಪಾಯ್ತೇನವ್ವ?" ಕೊಡುವ ಕೈ ದೊಡ್ಡದು, ಬಾಯಿ ಅದಕ್ಕಿಂತ ಒಂದು ಗೇಣು ದೊಡ್ಡದು.

ಅದು ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಉಳಿದ ಜಾಗ ಎಷ್ಟಿದ್ದೀತು? ಹಿಂದೆ ಒಂದಿಷ್ಟು, ಪಕ್ಕದಲ್ಲಿ ಒಂದಿಷ್ಟು. ಬೇರೆಯವರು ಗುಲಾಬಿಯನ್ನೋ ಮಲ್ಲಿಗೆಯನ್ನೋ ಹಾಕುತ್ತಿದ್ದರು. ಸರೋಜಮ್ಮನ ತೋಟದಲ್ಲಿ ದೇವರ ತಲೆಗೆ ಏರುವ ಹೂವು ಅಂದರೆ ದಾಸವಾಳ ಒಂದೇ, ಅದನ್ನೂ ಬೆಳೆಸಿರುವುದು ಎಲೆಗೆ. ಎಲೆ ಕಿವುಚಿದರೆ ಲೋಳೆ ಬರುತ್ತದೆ, ತಲೆಗೆ ಹಚ್ಚಿ ತೊಳೆದರೆ ಕೂದಲು ನುಣುಪು. ಗೇಟಿನ ಹತ್ತಿರ ಚಿಗರೆ ಮರ, ಅದರ ಎಲೆಯ ಪುಡಿ ಎಣ್ಣೆ ತೆಗೆಯುವುದರಲ್ಲಿ ಎತ್ತಿದ ಕೈ. ಕಾಂಪೌಂಡಿನ ಮೂಲೆಯಲ್ಲಿ ಮೈತುಂಬ ಮುಳ್ಳಿನ ಸೀಗೆ. ಹಿತ್ತಿಲ ನಡುವೆ ಅಂಟುವಾಳದ ಮರ. ಎಲ್ಲವೂ ಹೂ ಬಿಡುತ್ತವೆ. ಅಂಟುವಾಳದ ಹೂವು ಮಾಸಲು ಬಿಳಿ, ಗೊಂಚಲಿನಲ್ಲಿದ್ದರೂ ಕಣ್ಣಿಗೆ ಬೀಳದಷ್ಟು ಚಿಕ್ಕದು, ಅದರ ಸುದ್ದಿ ಮೊದಲು ತಿಳಿಯುವುದು ಜೇನುಹುಳಕ್ಕೆ. ಹುಳದ ಸದ್ದು ಕೇಳಿದ ದಿನ ಸರೋಜಮ್ಮ ಯಾರನ್ನೂ ಬೈಯುತ್ತಿರಲಿಲ್ಲ. ಹೂ ಬಿಟ್ಟರೆ ಕಾಯಿ ಬಂತು, ಕಾಯಿ ಬಂದರೆ ಇನ್ನೊಂದು ವರ್ಷದ ಚಿಂತೆ ಕಳೆಯಿತು ಅಂತ ಲೆಕ್ಕ.

ಇಷ್ಟು ಗಿಡ ಬಂದದ್ದು ಒಬ್ಬ ಮನುಷ್ಯನ ಎರಡು ಕೈಗಾಗಿ.

ಆತ ಸರೋಜಮ್ಮನ ಗಂಡ ಕೆಂಪಯ್ಯ. ಇಲವಾಲದ ಆಚೆಯ ಹಳ್ಳಿಯಿಂದ ಬಂದು ಮೇಟಗಳ್ಳಿಯ ಒಂದು ಫ್ಯಾಕ್ಟರಿಗೆ ಸೇರಿದವನು. ಕಬ್ಬಿಣದ ಬಿಡಿಭಾಗಗಳನ್ನು ಎಣ್ಣೆಯಲ್ಲಿ, ಯಾವುದೋ ಘಾಟು ನೀರಿನಲ್ಲಿ ಅದ್ದಿ ತೊಳೆಯುವ ಕೆಲಸ. ಮಾತು ಕಡಿಮೆ. ಊರಿನಲ್ಲಿ ಅವನನ್ನು ಮೂಕ ಬಸವ ಅನ್ನುತ್ತಿದ್ದರು. ಹೆಂಡತಿ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದುದರಿಂದ ಸಂಸಾರ ಸರಿಯಾಗಿಯೇ ನಡೆದಿತ್ತು. ಮಗ ದಿಲೀಪ, ಮಗಳು ಶಾಲಿನಿ ಇನ್ನೂ ಚಿಕ್ಕವರಿದ್ದಾಗ ಅವನ ಅಂಗೈ ಬಿರುಕು ಬಿಡಲು ಶುರುವಾಯಿತು. ಮೊದಮೊದಲು ಚಳಿಗಾಲದ ಒಡಕು ಅಂದುಕೊಂಡರು. ಚಳಿಗಾಲ ಹೋಯಿತು, ಒಡಕು ಹೋಗಲಿಲ್ಲ. ಸಂಜೆ ಮನೆಗೆ ಬಂದು ಎಣ್ಣೆಯ ಕರೆ ಹೋಗಲೆಂದು ಸೋಪು ಹಾಕಿ ಉಜ್ಜಿದರೆ ಬಚ್ಚಲ ನೀರು ಕೆಂಪಗೆ ಹರಿಯುತ್ತಿತ್ತು.

ಅದನ್ನೂ ಸರೋಜಮ್ಮ ಸಹಿಸಿದಳು. ಸಹಿಸಲಾಗದ್ದು ಊಟದ ಹೊತ್ತು. ಮುದ್ದೆ ಉಣ್ಣುವವರಿಗೆ ಗೊತ್ತು, ಬಿಸಿ ಮುದ್ದೆಯನ್ನು ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ಕೆಂಪಯ್ಯನ ಬೆರಳಿನ ಬಿರುಕಿಗೆ ಸಾರಿನ ಖಾರ ಹೋಗಿ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಅವನೇ ಒಂದು ಸ್ಟೀಲು ಚಮಚ ಎತ್ತಿಕೊಂಡ. ಚಮಚದಲ್ಲಿ ಮುದ್ದೆ ಬರುತ್ತದೆಯೇ? ಮೆತ್ತಿಕೊಂಡಿತು. ಮಕ್ಕಳು ನೋಡಬಾರದೆಂದು ಗೋಡೆಯ ಕಡೆಗೆ ತಿರುಗಿ ಕೂತು ಅದನ್ನು ಕೆರೆದು ಕೆರೆದು ತಿಂದ. ಬೆನ್ನು ಮಾತ್ರ ಕಾಣುತ್ತಿತ್ತು.

ಮರುದಿನವೇ ಸರೋಜಮ್ಮ ಅವನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು. ಕೈಯನ್ನು ಹೊರಳಿಸಿ ಹೊರಳಿಸಿ ನೋಡಿ, ಮುಲಾಮು ಬರೆದುಕೊಟ್ಟು, ಕೆಲಸ ಬದಲಿಸಿಕೊಳ್ಳಲು ಆದರೆ ನೋಡಿ, ಆಗದಿದ್ದರೆ ಸೋಪನ್ನಂತೂ ಮುಟ್ಟಲೇಬೇಡಿ ಅಂದರು.

"ಅಂಟುವಾಳ ಆಗ್ತದಾ ಸಾರ್?" ಸರೋಜಮ್ಮ ಕೇಳಿದಳು.

"ಸ್ವಲ್ಪ ಹಾಕಿ ನೋಡಿ. ಒಗ್ಗಿದರೆ ಇಟ್ಕೊಳ್ಳಿ, ಒಗ್ಗದಿದ್ದರೆ ಬಿಟ್ಟುಬಿಡಿ."

ಮನೆಗೆ ಬಂದು ಬಚ್ಚಲಲ್ಲಿದ್ದ ಸೋಪಿನ ಬಿಲ್ಲೆ ತೆಗೆದು ಬೀದಿಗೆ ಎಸೆದಳು. "ನಾನಿರೋಗಂಟ ನಿಮ್ಮ ಕೈಗೆ ಇನ್ನೊಂದ್ ಸಲ ಸೋಪು ಮುಟ್ಟಸಕ್ಕೆ ಬುಡಕಿಲ್ಲ, ನೋಡ್ಕಳಿ" ಅಂದಳು. ಕೆಂಪಯ್ಯ ತಲೆಯಾಡಿಸಿದ. ಆ ಮಾತನ್ನು ಅವನು ಎಷ್ಟು ನಂಬಿದನೋ ಗೊತ್ತಿಲ್ಲ, ಅವಳು ಮಾತ್ರ ದೇವರ ಮುಂದೆ ಆಡಿದ ಮಾತಿನ ಹಾಗೆ ಹಿಡಿದುಕೊಂಡಳು.

ಅಂಟುವಾಳ ಒಗ್ಗಿತು. ಬೆಳಿಗ್ಗೆ ಕಾಯಿಯ ಸಿಪ್ಪೆ ನೆನೆಹಾಕುವುದು, ಸಂಜೆ ಅವನು ಬಂದ ಕೂಡಲೇ ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ಒಂದೊಂದೇ ಬೆರಳನ್ನು ತೊಳೆಯುವುದು. ಕೈ ತೊಳೆದುಕೊಳ್ಳಲು ಅವನಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಗಂಡಸು ಕೈ ತೊಳೆಯುವುದು ಅಂದರೆ ನೀರಿಗೆ ತೋರಿಸಿ ತೆಗೆಯುವುದು ಅಂತ ಸರೋಜಮ್ಮನ ತೀರ್ಮಾನ. ತೊಳೆದು, ಸೆರಗಿನಲ್ಲಿ ಒರೆಸಿ, ಎಣ್ಣೆಯ ವಾಸನೆ ಹೋಯಿತೇ ಎಂದು ಅಂಗೈಯನ್ನು ಮೂಗಿಗೆ ಹಿಡಿದು ನೋಡಿ, ಕೊನೆಗೆ ಹೇಳುತ್ತಿದ್ದಳು: "ಆಯ್ತು, ಏಳಿ. ಮುದ್ದೆ ಆರೋಗ್ತದೆ." ಕೆಲವು ತಿಂಗಳಲ್ಲಿ ಚಮಚ ಅಡುಗೆಮನೆಯ ಡಬ್ಬಕ್ಕೆ ವಾಪಸು ಹೋಯಿತು. ಕೆಂಪಯ್ಯ ಮಕ್ಕಳ ಜೊತೆ, ಮಕ್ಕಳ ಕಡೆ ಮುಖ ಮಾಡಿ ಕೂತು ಉಂಡ. ಅವತ್ತು ಸರೋಜಮ್ಮ ಒಲೆಯ ಮುಂದೆ ಒಬ್ಬಳೇ ಅತ್ತಳು.

ಗಿಡ ಹಾಕುವ ಹುಚ್ಚು ಆಮೇಲೆ ಹತ್ತಿದ್ದು. ಒಂದು ಸಲ ಮನೆಯಲ್ಲಿ ಅಂಟುವಾಳ ಮುಗಿದು, ಅಂಗಡಿಯಿಂದ ಸೀಗೆಪುಡಿ ತಂದು ಕೈ ತೊಳೆಸಿದಳು. ನೊರೆ ಬೆಳ್ಳಗೆ, ಗುಡ್ಡೆ ಗುಡ್ಡೆಯಾಗಿ ಬಂತು. ಬಹಳ ಒಳ್ಳೆಯ ಪುಡಿ ಅಂದುಕೊಂಡಳು. ರಾತ್ರಿಯ ಹೊತ್ತಿಗೆ ಕೈ ಮತ್ತೆ ಒಡೆದಿತ್ತು. ಚೆನ್ನಾಗಿ ನೊರೆ ಬರಲೆಂದು ಪುಡಿಗೆ ಸೋಪಿನ ಪುಡಿ ಬೆರೆಸುವವರೂ ಇದ್ದಾರೆ ಅಂತ ಆಮೇಲೆ ಯಾರೋ ಹೇಳಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಜವಾದ ಸೀಗೆಯ ನೊರೆ ತೆಳ್ಳಗೆ, ಸ್ವಲ್ಪ ಕಂದು, ಕೂತಲ್ಲೇ ಇಳಿದುಹೋಗುವಂಥದ್ದು. ಅದು ಅವಳ ತಲೆಯಲ್ಲಿ ಅಚ್ಚೊತ್ತಿತು. ಆಗಷ್ಟೇ ಶ್ರೀರಾಂಪುರದಲ್ಲಿ ಮನೆ ಎದ್ದಿತ್ತು. ಗೃಹಪ್ರವೇಶದ ಮಾವಿನ ತೋರಣ ಒಣಗುವ ಮೊದಲೇ ಹಿತ್ತಿಲಲ್ಲಿ ಅಂಟುವಾಳದ ಸಸಿ ನೆಟ್ಟಳು, ಗಂಡನನ್ನು ಕೂರಿಸಿ ಕೈ ತೊಳೆಯಲು ಪಕ್ಕದಲ್ಲೇ ಒಂದು ಕಲ್ಲು ಹಾಕಿಸಿದಳು. ಮರ ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು ಅಂದವರಿಗೆ, "ನೀವು ಕಾಯ್ಬೇಡಿ, ನಾನ್ ಕಾಯ್ತೀನಿ" ಅಂದಳು.

ಸೀಗೆಗೆ ಅಷ್ಟು ಕಾಯಲು ಮನಸ್ಸಾಗಲಿಲ್ಲ. ತವರಿನ ಹೊಲದ ಬೇಲಿಯಲ್ಲಿ ಸೀಗೆ ಮೆಳೆ ಇತ್ತು, ತಮ್ಮನಿಗೆ ಹೇಳಿ ಒಂದು ಸಸಿ ತರಿಸಿದಳು. ಎರಡು ವರ್ಷ ನೀರು ಹಾಕಿದಳು. ಮುಳ್ಳಿನಲ್ಲಿ ಸೆರಗು ಹರಿಸಿಕೊಂಡಳು, ಪಕ್ಕದ ಮನೆಯವರ ಮಗು ಗೀಚಿಸಿಕೊಂಡಿತೆಂದು ಜಗಳ ಆಡಿದಳು, ಬಿಡಲಿಲ್ಲ. ಮೂರನೆಯ ವರ್ಷ ಗುಂಡು ಗುಂಡಾದ ಬಿಳಿ ಹೂವು ಬಿಟ್ಟಾಗ ಬೀದಿಯವರನ್ನೆಲ್ಲ ಕರೆದು ತೋರಿಸಿದಳು, ತವರಿನ ಸೀಗೆ ಅಂತ. ಕಾಯಿ ಬಂತು. ತೆಳ್ಳಗಿತ್ತು. ಮೊದಲ ಫಸಲು, ಹಾಗೇ ಇರುತ್ತದೆ ಅಂದುಕೊಂಡಳು. ಒಣಗಿಸಿ ಕುಟ್ಟಿದಳು. ನೊರೆ ಬಂದೂ ಬಾರದ ಹಾಗೆ ಬಂತು. ಅದಕ್ಕೂ ಏನೋ ಒಂದು ಸಮಾಧಾನ ಹೇಳಿಕೊಂಡು ಗಂಡನ ಕೈಗೆ ಹಚ್ಚಿ ತಿಕ್ಕಿದಳು.

"ಉರೀತದಾ?"

"ಇಲ್ಲ ಬುಡು."

ಬೆಳಿಗ್ಗೆ ಎದ್ದಾಗ ಎರಡು ಕೈಯೂ ಊದಿ, ಬೆರಳ ಸಂದಿಯಲ್ಲಿ ನೀರುಗುಳ್ಳೆ ಎದ್ದಿದ್ದವು. ಕೆಂಪಯ್ಯ ಹದಿನೈದು ದಿನ ಕೆಲಸಕ್ಕೆ ಹೋಗಲಿಲ್ಲ. ಮಗನನ್ನು ನೋಡಲು ಊರಿನಿಂದ ಬಂದ ಅತ್ತೆ ಸಾಕಮ್ಮ ಕೈ ನೋಡಿದವಳೇ ನೆಟ್ಟಗೆ ಹಿತ್ತಿಲಿಗೆ ಹೋದಳು. ಒಂದು ಚಿಗುರು ಕಿತ್ತು ಬಾಯಿಗೆ ಹಾಕಿ ಅಗಿದು ಉಗಿದಳು.

"ಸೀಗೆ ಚಿಗುರು ಹುಳಿ ಇರ್ತದೆ ಕಣವ್ವ. ಇದು ಸಪ್ಪೆ. ಇದು ಕಾಡು ಸೀಗೆ. ಹೂವ ನೋಡಿ ಮೋಸ ಹೋದೆ ನೀನು, ಹೂವು ಎರಡ್ಕೂ ಒಂದೇ ಥರ. ಕಾಯಿ ನೋಡಕ್ಕಿಲ್ವಾ? ಸೀಗೆಕಾಯಿ ಹಸೀದ್ರಲ್ಲಿ ದಪ್ಪಕ್ಕಿದ್ದು, ಒಣಗಿದ್ರೆ ಸುಕ್ಕು ಬೀಳ್ಬೇಕು. ಇದು ಕಾಗದ ಇದ್ದಂಗದೆ."

ಸರೋಜಮ್ಮ ಮಚ್ಚು ತಂದಳು. ಬಟ್ಟೆ ಸುತ್ತಿದ ಕೈಗಳನ್ನು ಎದೆಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಕೆಂಪಯ್ಯ, "ಇರ್ಲಿ ಬುಡು ಸರೋಜ, ಅದೇನ್ ಮಾಡ್ತು ಪಾಪ. ಬೇಲಿಗಾಯ್ತದೆ" ಅಂದ.

"ಉರೀತದೆ ಅಂತ ಯಾಕ್ರೀ ಹೇಳ್ಲಿಲ್ಲ ನೀವು?"

ಅವನು ಗಿಡದ ಕಡೆ ನೋಡಿದ. "ನೀನು ಎರಡ್ ವರ್ಷ ನೀರ್ ಹಾಕಿದ್ದಲ್ಲ."

ಮಚ್ಚು ಅಲ್ಲೇ ಬಿಟ್ಟು ಸರೋಜಮ್ಮ ಒಳಗೆ ಹೋದಳು. ಆ ಗಿಡ ಇವತ್ತಿಗೂ ಹಿಂದಿನ ಕಾಂಪೌಂಡಿನ ಮೇಲೆ ಹಬ್ಬಿಕೊಂಡಿದೆ. ನಿಜವಾದ ಸೀಗೆ ಸಸಿಯನ್ನು ಸಾಕಮ್ಮನೇ ಮುಂದಿನ ಮಳೆಗಾಲದಲ್ಲಿ ತಂದು ಎದುರು ಮೂಲೆಯಲ್ಲಿ ನೆಟ್ಟು ಹೋದಳು. ಎರಡೂ ಒಟ್ಟಿಗೆ ಹೂ ಬಿಟ್ಟಾಗ ನೋಡಿದವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಸರೋಜಮ್ಮ ಮಾತ್ರ ಪ್ರತಿ ವರ್ಷ ಚಿಗುರು ಅಗಿದು ನೋಡಿಯೇ ಕಾಯಿ ಬಿಡಿಸುತ್ತಾಳೆ. ಕೈ ಊದಿದ ದಿನದಿಂದ ಅವಳು ಉರಿಯುತ್ತದೆಯೇ ಎಂದು ಗಂಡನನ್ನು ಕೇಳುವುದನ್ನು ಬಿಟ್ಟಳು. ಕೇಳಿ ಪ್ರಯೋಜನವಿರಲಿಲ್ಲ. ಅವನ ಕಿರುಬೆರಳನ್ನು ನೋಡುತ್ತಿದ್ದಳು. ಉರಿದರೆ ಅದು ತಾನಾಗಿ ಮಡಚಿಕೊಳ್ಳುತ್ತಿತ್ತು. ಬಾಯಿ ಸುಳ್ಳು ಹೇಳಿದರೂ ಆ ಬೆರಳಿಗೆ ಸುಳ್ಳು ಬರುತ್ತಿರಲಿಲ್ಲ.

ಕೊರೋನಾ ಬಂದಾಗ ಊರಿಗೆ ಊರೇ ಕೈ ತೊಳೆಯಿತು. ಕೆಂಪಯ್ಯನ ನೌಕರಿಯ ಕೊನೆಯ ವರ್ಷ ಅದು. ಫ್ಯಾಕ್ಟರಿ ಗೇಟಿನಲ್ಲಿ ಒಬ್ಬ ನಿಂತು ಬಂದವರ ಅಂಗೈಗೆಲ್ಲ ಸ್ಪಿರಿಟ್ಟಿನಂಥ ನೀರು ಸುರಿಯುತ್ತಿದ್ದ. ಕೆಂಪಯ್ಯ ಒಂದು ಮಾತೂ ಆಡದೆ ಕೈ ಒಡ್ಡಿದ. ಸಂಜೆ ಕಲ್ಲಿನ ಮೇಲೆ ಕೂತಾಗ ಬರೀ ನೀರಿಗೇ ಕಿರುಬೆರಳು ಮಡಚಿಕೊಂಡಿತು. ಮರುದಿನ ಸರೋಜಮ್ಮ ದಿಲೀಪನ ಸ್ಕೂಟರಿನ ಹಿಂದೆ ಕೂತು, ಕುಪ್ಪಿಯಲ್ಲಿ ಅಂಟುವಾಳದ ನೀರು ಹಿಡಿದುಕೊಂಡು, ಮೂಗಿನ ಕೆಳಗೆ ಮಾಸ್ಕು ಹಾಕಿಕೊಂಡು ಮೇಟಗಳ್ಳಿಯ ಗೇಟಿಗೇ ಹೋದಳು.

"ರೂಲ್ಸು ಕಣಮ್ಮ, ನಾನೇನ್ ಮಾಡ್ಲಿ?" ಅಂದ ಗೇಟಿನವನು.

"ನಿಮ್ಮ ರೂಲ್ಸು ಕೈ ತೊಳೀಬೇಕು ಅಂತ ತಾನೇ ಇರೋದು? ನಿಮ್ಮ ಕಣ್ಣೆದುರಿಗೇ ತೊಳೀತಾರೆ. ನೊರೆ ಬರ್ದಿದ್ರೆ ಒಳಗೆ ಬುಡಬ್ಯಾಡಿ."

ನಲ್ಲಿಯ ಕೆಳಗೆ ಕೆಂಪಯ್ಯ ನಾಚಿಕೆಯಿಂದ ಕುಗ್ಗಿ ಹೋಗಿ ಕೈ ತೊಳೆದ. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ಆದರೆ ಗೇಟಿನವನು ಅವತ್ತಿನಿಂದ ಅವನ ಕೈಗೆ ಏನೂ ಸುರಿಯಲಿಲ್ಲ. ಕುಪ್ಪಿ ದಿನವೂ ಟಿಫನ್ ಕ್ಯಾರಿಯರಿನ ಜೊತೆ ಹೋಗಿ ಬಂತು.

ನಿವೃತ್ತಿಯಾದ ಮೇಲೆ ಕೆಂಪಯ್ಯನ ಕೈ ಪೂರ್ತಿ ವಾಸಿಯಾಯಿತು. ತೊಳೆಯುವಷ್ಟು ಎಣ್ಣೆಯೂ ಇರಲಿಲ್ಲ, ಕೊಳೆಯೂ ಇರಲಿಲ್ಲ. ಆದರೂ ಸಂಜೆಯಾದರೆ ಅವನೇ ಹೋಗಿ ಕಲ್ಲಿನ ಮೇಲೆ ಕೂರುತ್ತಿದ್ದ. ಅವಳು ಗೊಣಗುತ್ತಾ ಬಟ್ಟಲು ತರುತ್ತಿದ್ದಳು. ಅಷ್ಟು ಹೊತ್ತಿಗೆ ಅಂಟುವಾಳ ನೆರಳು ಕೊಡುವಷ್ಟು ಬೆಳೆದಿತ್ತು. ಅಂಟಿಕೊಂಡೇ ಹುಟ್ಟುವ ಮೂರು ಮೂರು ಕಾಯಿಗಳು ಹಣ್ಣಾಗಿ ಉದುರಿ ಕಲ್ಲಿನ ಸುತ್ತ ಅಂಟಂಟಾಗಿ ಬಿದ್ದಿರುತ್ತಿದ್ದವು. ಕೆಂಪಯ್ಯ ಆರಿಸಿ ಮೊರಕ್ಕೆ ಹಾಕುತ್ತಿದ್ದ, ಶಾಲಿನಿಯ ಮಗಳು ಲಾಸ್ಯ ಬಂದರೆ ಒಳಗಿನ ಕರಿ ಬೀಜ ತೆಗೆದು ಆಡಲು ಕೊಡುತ್ತಿದ್ದ. ಆ ನಾಲ್ಕು ವರ್ಷ ಅವರಿಬ್ಬರೂ ಸುಖವಾಗಿದ್ದರು.

ಹೋದ ವರ್ಷ ಮಾಘದಲ್ಲಿ ಒಂದು ಬೆಳಿಗ್ಗೆ ಕೆಂಪಯ್ಯ ಹಾಸಿಗೆಯಿಂದ ಏಳಲಿಲ್ಲ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ನಿದ್ದೆಯಲ್ಲೇ ಹೋಗಿದ್ದ. ಹೋಗುವುದನ್ನೂ ಯಾರಿಗೂ ಹೇಳದೆ ಹೋದ.

ಅವರ ವಂಶದ ಪದ್ಧತಿಯಲ್ಲಿ ತೀರಿಕೊಂಡವರಿಗೆ ಎಣ್ಣೆ ಸೀಗೆಕಾಯಿ ಹಚ್ಚಿ ನೀರು ಹಾಕಬೇಕು. ಗಂಡಸಿಗೆ ಗಂಡಸರೇ ಹಾಕಬೇಕು. ಹೆಂಡತಿಯಾದವಳು ಒಳಗೆ ಕೂರಬೇಕು, ಆ ಕಡೆ ಕಣ್ಣು ಹಾಕಬಾರದು. ಸರೋಜಮ್ಮ ನಡುಮನೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಶಾಲಿನಿ, ಸುತ್ತ ಬೀದಿಯ ಹೆಂಗಸರು. ಬಾಯಿ ಬಿಟ್ಟು ಅಳು ಅಂತ ಎಲ್ಲರೂ ಹೇಳುತ್ತಿದ್ದರು. ಅಳು ಬರುತ್ತಿರಲಿಲ್ಲ. ಊರಿನಿಂದ ಬಂದ ಜವರಪ್ಪ, ಕೆಂಪಯ್ಯನ ದೊಡ್ಡಪ್ಪನ ಮಗ, ಹಿತ್ತಿಲಲ್ಲಿ ನಿಂತು ಒಂದೊಂದೇ ಹೇಳಿ ಮಾಡಿಸುತ್ತಿದ್ದ. ಅಂಟುವಾಳದ ಮರದ ಕೆಳಗೆ, ಅದೇ ಕಲ್ಲಿನ ಪಕ್ಕ, ಬೆಂಚು ಹಾಕಿ ಮಲಗಿಸಿದ್ದರು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು.

ಆ ಅರ್ಧ ಬಾಗಿಲಲ್ಲಿ ಸರೋಜಮ್ಮನಿಗೆ ಕಂಡದ್ದು ಬಕೆಟ್ಟು ಒಂದೇ. ಯಾರದೋ ಕೈ ಒಂದು ಪೊಟ್ಟಣ ಒಡೆದು ಅದಕ್ಕೆ ಸುರಿದು, ಕಲಕಿತು. ನೊರೆ ಎದ್ದಿತು. ಬೆಳ್ಳಗೆ, ಗುಡ್ಡೆ ಗುಡ್ಡೆಯಾಗಿ, ಬಕೆಟ್ಟಿನ ಅಂಚು ಮೀರಿ ಕೆಳಗೆ ಬಿತ್ತು.

ಅವಳು ಎದ್ದು ನಿಂತಳು. "ಹೋಗ್ಬಾರ್ದು ಕಣಮ್ಮ" ಅಂತ ಯಾರೋ ಸೆರಗು ಹಿಡಿದರು. ಸೆರಗು ಬಿಡಿಸಿಕೊಂಡಳು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಟ್ಟಲಿತ್ತು. ಬೆಳಿಗ್ಗೆ ಎದ್ದ ಕೂಡಲೇ, ಗಂಡನನ್ನು ಎಬ್ಬಿಸಲು ಹೋಗುವ ಮೊದಲೇ, ಸಂಜೆಗೆಂದು ನೆನೆಹಾಕಿದ ಅಂಟುವಾಳ. ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದಳು.

ಗಂಡಸರು ತಬ್ಬಿಬ್ಬಾದರು. ಕೆಂಪಯ್ಯನ ಬಲಗೈ ಬೆಂಚಿನಿಂದ ಜೋತುಬಿದ್ದಿತ್ತು, ಅದರ ಮೇಲೆ ಆಗಲೇ ಬಿಳಿ ನೊರೆ ಹತ್ತಿತ್ತು.

"ಯಾರ್ ತಂದಿದ್ದು ಇದ್ನ?"

"ನಾನೇ ಕಣವ್ವ" ಅಂದ ದಿಲೀಪ. ಅತ್ತು ಅತ್ತು ಅವನ ಮುಖ ಊದಿತ್ತು. "ಸಾಮಾನು ಎಲ್ಲಾ ಒಂದೇ ಅಂಗಡೀಲಿ ಕಟ್ಟಿಸ್ಕೊಂಡೆ. ಸೀಗೆಪುಡಿ ಅಂತಾನೇ ಕೊಟ್ರು. ಮನೇಲಿ ಇರೋದು ನನಗೆ ನೆನಪೇ ಆಗ್ಲಿಲ್ಲ."

ಈ ಹಿತ್ತಿಲ ಕಾಯಿಯಲ್ಲೇ ತಲೆ ತೊಳೆಸಿಕೊಂಡು ಬೆಳೆದ ಮಗ. ಬೇರೆ ದಿನವಾಗಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಅವತ್ತು ಅವನ ತಲೆಯ ಮೇಲೆ ಒಂದು ಸಲ ಕೈ ಇಟ್ಟಳು. "ಒಂದ್ ಕೊಡ ತಣ್ಣೀರ್ ತಗೊಂಡ್ ಬಾ ಮಗ."

ಜವರಪ್ಪ ಅಡ್ಡ ಬಂದ. ಕೆಟ್ಟವನಲ್ಲ, ಪದ್ಧತಿ ತಪ್ಪಬಾರದೆಂದು ಇರುವವನು. "ಸರೋಜವ್ವ, ನೀನಿಲ್ಲಿ ಬರ್ಬಾರ್ದು. ಹೆಂಗೋ ಆಗೋಗದೆ. ಇನ್ನು ಅವನಿಗೆ ಸೋಪಾದ್ರೇನು ಸೀಗೆಯಾದ್ರೇನು? ಉರೀತದಾ?"

"ಉರಿಯಕಿಲ್ಲ ಅಂತ ನಿಮಗೆ ಹೆಂಗ್ ಗೊತ್ತು ಭಾವ?" ಅಂದಳು ಸರೋಜಮ್ಮ. ದನಿ ಏರಿಸಲಿಲ್ಲ. "ಇದ್ದಾಗ್ಲೇ ಉರೀತದೆ ಅಂತ ಬಾಯ್ಬುಟ್ಟು ಹೇಳ್ದೋರಲ್ಲ ಅವರು."

ಜವರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದ. ಬಿಳಿ ನೊರೆಯ ಬಕೆಟ್ಟನ್ನು ತಾನೇ ಎತ್ತಿ ಕಾಡು ಸೀಗೆಯ ಬುಡಕ್ಕೆ ಚೆಲ್ಲಿದ.

ಸರೋಜಮ್ಮ ಕಲ್ಲಿನ ಮೇಲೆ ಕೂತಳು, ಯಾವಾಗಲೂ ಅವನು ಕೂರುತ್ತಿದ್ದ ಜಾಗದಲ್ಲಿ. ದಿಲೀಪ ನೀರು ಹುಯ್ದ. ಮೊದಲು ಸೋಪನ್ನೆಲ್ಲ ತೊಳೆದು ತೆಗೆದಳು. ಆಮೇಲೆ ಬಟ್ಟಲಿನ ಕಾಯಿ ಕಿವುಚಿ, ತೆಳ್ಳಗಿನ ನೊರೆಯನ್ನು ಅಂಗೈಗೆ ಸವರಿ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ತಿಕ್ಕಿದಳು. ಹಳೆಯ ಬಿರುಕುಗಳ ಗೆರೆ ಹಾಗೇ ಇದ್ದವು. ಕಿರುಬೆರಳಿಗೆ ಬಂದಾಗ ಕೈ ತಡೆದು ನೋಡಿದಳು. ಬೆರಳು ಇದ್ದ ಹಾಗೇ ಇತ್ತು. ಅದನ್ನೂ ತೊಳೆದಳು. ಎಡಗೈಯನ್ನೂ ತೊಳೆದಳು. ಸುತ್ತ ನಿಂತ ಗಂಡಸರು ತಲೆ ತಗ್ಗಿಸಿದ್ದರು.

ಎರಡು ಕೈಯನ್ನೂ ಸೆರಗಿನಲ್ಲಿ ಒರೆಸಿದಳು. ಬಲದ ಅಂಗೈಯನ್ನು ಮೂಗಿಗೆ ಹಿಡಿದಳು. ಅಂಟುವಾಳದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡಿತು.

"ಆಯ್ತು, ಏಳಿ" ಅಂದಳು.

ಅಂದ ಮಾತು ತನ್ನ ಕಿವಿಗೇ ಬಿದ್ದ ಮೇಲೆ, ಆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಸರೋಜಮ್ಮ ಅತ್ತಳು.